ಸೋಮವಾರ ದುಡಿಯದ ಯಂತ್ರ

೨೦೦೩ರ ಆಗಸ್ಟ್ ತಿಂಗಳ ಮೊದಲ ರವಿವಾರ, ಬೆಳಿಗ್ಗೆ ಎಂಟೂವರೆ. ಸ್ಥಳ: ಬೈಲಹೊಂಗಲದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ಮೂವರು. ದೂರವಾಣಿ ಕೇಂದ್ರದಿಂದ ನಿವೃತ್ತನಾದ ನಾನು. ರಾಮದುರ್ಗದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮೇಡಂ. ಸವದತ್ತಿಯಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತ ಉಗರಗೋಳದಲ್ಲಿ ಒಕ್ಕಲುತನವನ್ನೂ ಮಾಡುವ ಗೆಳೆಯರು. ಅವರನ್ನು ನಾವು ಸವದತ್ತಿಯವರು ಎಂದೇ ಕರೆಯುತ್ತಿದ್ದೆವು. ಅವರು ತಮ್ಮ ಕಂಪ್ಯೂಟರಿನ ಡಬ್ಬಿಯನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಕೇಳಿದನಂತೆ.

ನಮ್ಮ ಕೆಲಸ ಇಂಥದು. ಕರಿ ಪರದೆಯ ಮೇಲೆ ಒಂದು ಸಾಲು ಆಜ್ಞೆ ಟೈಪ್ ಮಾಡಿದರೆ ಕಡತ ಹುಡುಕುವ, ಅಳೆಯುವ, ನಕಲು ಮಾಡುವ ಚಿಕ್ಕ ಚಿಕ್ಕ ಪ್ರೋಗ್ರಾಂಗಳನ್ನು ಬರೆಯುವುದು. ಬರೆದದ್ದನ್ನು ಯಾರು ಬೇಕಾದರೂ ಓದಲಿ, ತಿದ್ದಲಿ, ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಡುವುದು. ಬೇರೆ ಬೇರೆ ದೇಶದವರು ತಿದ್ದುಪಡಿ ಕಳಿಸುತ್ತಿದ್ದರು. ಅವನ್ನೆಲ್ಲ ಒಂದು ಶಿಸ್ತಿಗೆ ತಂದು, ಆರು ತಿಂಗಳಿಗೊಮ್ಮೆ ಎಲ್ಲ ಪ್ರೋಗ್ರಾಂಗಳ ಒಂದು ಕಟ್ಟು ಬಿಡುಗಡೆ ಮಾಡುವ ಹೊಣೆ ನನ್ನದು. ಮೂವತ್ತು ವರ್ಷ ಗಂಟೆಗೊಮ್ಮೆ ದಾಖಲೆ ಬರೆದ ಕೈ, ಸುಮ್ಮನಿರುವುದಿಲ್ಲ. ನಿಯಮಗಳನ್ನು ಟೈಪ್ ಮಾಡಿ ಗೋಡೆಗೆ ಅಂಟಿಸಿದ್ದೆ. ಎರಡನೆಯ ನಿಯಮ: ಬಿಡುಗಡೆಗೆ ಮುಂಚಿನ ವಾರ ಪ್ರತಿದಿನವೂ ಪ್ರೋಗ್ರಾಂ ಪರೀಕ್ಷೆಯಲ್ಲಿ ಪಾಸಾಗಬೇಕು. ಮೂರನೆಯದು: ಬಿಡುಗಡೆಯ ದಿನ ಸಂಜೆ ನಾಲ್ಕರೊಳಗೆ ಬಗೆಹರಿಯದ ದೂರು ಯಾವುದರ ಮೇಲಿದೆಯೋ ಅದು ಕಟ್ಟಿನಿಂದ ಹೊರಕ್ಕೆ.

ಅಂದು ಬಿಡುಗಡೆಯ ದಿನ, ದೂರು ಮೇಡಂ ಅವರ ಪ್ರೋಗ್ರಾಂ ಮೇಲಿತ್ತು. ಈ ವಾರ ಬದಲಾದ ಕಡತಗಳನ್ನಷ್ಟೇ ತೋರಿಸುವ ಪ್ರೋಗ್ರಾಂ ಅದು; ಅವರ ಮೊದಲನೆಯದು, ಒಂದು ವರ್ಷದ ದುಡಿಮೆ. ಬರುವ ತಿಂಗಳ ಪ್ರಾಯೋಗಿಕ ತರಗತಿಗೆ ಇದೇ ಕಟ್ಟು ಎಂದು ವಿದ್ಯಾರ್ಥಿಗಳಿಗೆ ಹೇಳಿಬಿಟ್ಟಿದ್ದರು. ಜರ್ಮನಿಯ ಒಬ್ಬರು ಮಾತ್ರ ಮೂರು ಸಲ ಬರೆದಿದ್ದರು: ಒಮ್ಮೊಮ್ಮೆ ಇದು ಕಂಪ್ಯೂಟರಿನಲ್ಲಿರುವ ಎಲ್ಲ ಕಡತಗಳನ್ನೂ ಈ ವಾರದವೆಂದು ತೋರಿಸುತ್ತದೆ. ನಮ್ಮಲ್ಲಿ ಹಾಗಾಗುವುದಿಲ್ಲವೆಂದು ನಾನು ಮೂರು ಸಲವೂ ಉತ್ತರಿಸಿದ್ದೆ.

ಬೆಳಿಗ್ಗೆಯಿಂದ ಹನ್ನೆರಡರವರೆಗೆ ನಾನಾ ರೀತಿಯಲ್ಲಿ ಓಡಿಸಿ ನೋಡಿದೆವು. ಪ್ರೋಗ್ರಾಂ ಶಾಲೆಯ ಜಾಣ ಹುಡುಗಿಯಂತೆ ಸರಿ ಉತ್ತರವನ್ನೇ ಹೇಳುತ್ತಿತ್ತು.

"ತಪ್ಪು ಸಿಗಲಿಲ್ಲಂದ್ರ ದೂರು ಬಗೀಹರಿದಂಗಲ್ಲ," ಎಂದು ನಾನು ಗೋಡೆಯ ಮೇಲಿನ ನಿಯಮ ತೋರಿಸಿದೆ.

"ಅಂದ್ರ ತಪ್ಪು ಮಾಡದವ್ರನ್ನ ಹೊರಗ ಹಾಕೂದು ನಿಮ್ಮ ಕಾಯ್ದೆ ಏನ್ರಿ ಸರ್?" ಎಂದರು ಮೇಡಂ.

"ಸಾಹೇಬ್ರು ಪಂಚಾಂಗ ಇದ್ದಂಗರೀ ಅಕ್ಕಾರ," ಎಂದರು ಸವದತ್ತಿಯವರು. "ಬದಲಾಗೂದಿಲ್ಲ. ಮೊದಲ ಊಟ ಮಾಡೂಣು ಬರ್ರಿ."

ರೊಟ್ಟಿ, ಮಡಿಕೆಕಾಳು ಪಲ್ಯ ಮುಗಿಸಿ ಕೈತೊಳೆದಾಗ ಒಂದು ಗಂಟೆ. ಮೇಡಂ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಜರ್ಮನಿಯವರ ಮೂರು ಪತ್ರಗಳ ತಾರೀಖುಗಳನ್ನು ಹುಡುಕಿದರು. ಮೂರೂ ಸೋಮವಾರ.

ದಿನದ ಪರೀಕ್ಷೆ ನಡೆಯುತ್ತಿದ್ದದ್ದು ಸವದತ್ತಿಯವರು ತಂದಿದ್ದ ಇದೇ ಯಂತ್ರದಲ್ಲಿ. ದಿನಾ ಮುಂಜಾನೆ ಅದು ತಾನಾಗಿಯೇ ಎಲ್ಲ ಪ್ರೋಗ್ರಾಂಗಳನ್ನೂ ಪರೀಕ್ಷಿಸಿ ಬರೆದಿಡುತ್ತಿತ್ತು. ಶನಿವಾರ ಅವರು ಕಳಿಸುತ್ತಿದ್ದ ವರದಿಯಲ್ಲಿ ನಾನು ಕೊನೆಯ ಸಾಲನ್ನಷ್ಟೇ ಓದುತ್ತಿದ್ದೆ: ಎಲ್ಲವೂ ಪಾಸು. ಈಗ ಮೊದಲಿನಿಂದ ಓದಿದೆವು. ಯಾವ ವಾರದಲ್ಲೂ ಸೋಮವಾರದ ಸಾಲೇ ಇರಲಿಲ್ಲ.

"ಇದೇನ್ರಿ?" ಎಂದೆ.

ಸವದತ್ತಿಯವರು ಡಬ್ಬಿಯ ಮೇಲಿನ ಧೂಳು ಒರೆಸಿದರು. "ಸೋಮವಾರ ಬಸವಣ್ಣನ ದಿನಾರೀ. ನಮ್ಮಲ್ಲಿ ಎತ್ತು ಹೂಡೂದಿಲ್ಲ. ಎತ್ತು ಕಟ್ಟಿ ಹಾಕಿ ಇದನ್ನಷ್ಟ ದುಡಿಸೂದು ಛಲೋ ಅನಿಸಲಿಲ್ಲ. ರಜಾ ಕೊಟ್ಟೇನಿ."

"ಅಣ್ಣಾರ, ಇದಕ್ಕೇನು ಕೋಡು ಅದಾವೇನ್ರಿ?" ಎಂದರು ಮೇಡಂ.

"ಕೋಡಿಲ್ಲ, ಖರೆ. ಬಾಲ ಐತಲ್ರಿ," ಎಂದು ಹಿಂದಿನ ವೈರು ಎತ್ತಿ ತೋರಿಸಿದರು.

ಮೇಡಂ ನಗಲಿಲ್ಲ. ಎದ್ದು ಗೋಡೆಯ ಹತ್ತಿರ ಹೋಗಿ ಎರಡನೆಯ ನಿಯಮವನ್ನು ಗಟ್ಟಿಯಾಗಿ ಓದಿದರು. "ಪ್ರತಿದಿನ ಅಂತ ಬರದೀರಿ, ಸರ್. ಸೋಮವಾರ ಯಾವುದೂ ಪಾಸಾಗಿಲ್ಲ. ನಂದು ತಗದ್ರ ಎಲ್ಲಾನೂ ತಗೀರಿ. ನಿಮ್ದೂ ತಗೀರಿ."

ನಿಯಮದ ಪ್ರಕಾರ ಅವರ ಮಾತು ಸರಿ. ಉಳಿದಿದ್ದು ಒಂದೇ ದಾರಿ: ಯಂತ್ರದ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ರವಿವಾರವನ್ನೇ ಸೋಮವಾರ ಮಾಡಿ, ಎಲ್ಲವನ್ನೂ ಪರೀಕ್ಷಿಸುವುದು. ಸವದತ್ತಿಯವರು ಕೈಕಟ್ಟಿ ಕುಳಿತರು.

"ಸುಳ್ಳ ಸೋಮವಾರರೀ ಅಣ್ಣಾರ. ಬಸವಣ್ಣಗ ಗೊತ್ತಾಗೂದಿಲ್ಲೇನು?" ಎಂದರು ಮೇಡಂ.

ಸವದತ್ತಿಯವರು ಕಟ್ಟಿದ ಕೈ ಬಿಚ್ಚಿದರು. "ಹಂಗಿದ್ರ ನೀವ ತಿರುಗಿಸ್ರಿ ಅಕ್ಕಾರ. ನಾ ಆ ಕಡೆ ನೋಡತೇನಿ." ನಿಜವಾಗಿಯೂ ಕಿಟಕಿಯ ಕಡೆ ಮುಖ ಮಾಡಿದರು.

ಮೇಡಂ ತಾರೀಖು ಬದಲಿಸಿ ಪರೀಕ್ಷೆ ಶುರುಮಾಡಿದರು. ಎರಡು ಗಂಟೆ ಹತ್ತು ನಿಮಿಷಕ್ಕೆ ಅವರ ಪ್ರೋಗ್ರಾಂ ಯಂತ್ರದ ಸಮಸ್ತ ಕಡತಗಳನ್ನೂ ಪರದೆಯ ಮೇಲೆ ಸುರಿಯತೊಡಗಿತು. ಜರ್ಮನಿಯವರು ಹೇಳಿದ್ದು ಅಕ್ಷರಶಃ ನಿಜ. ಹಿಂದೆಯೇ ಇನ್ನೊಂದು ಪ್ರೋಗ್ರಾಂ ನಪಾಸಾಯಿತು. ಅದು ನನ್ನದು, ವಾರದ ಕಡತಗಳನ್ನು ನಕಲು ಮಾಡಿಡುವಂಥದು.

ಕಾರಣ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ವಾರ ಆರಂಭವಾಗಿ ಎಷ್ಟು ದಿನವಾಯಿತು ಎಂದು ಎಣಿಸುವ ನಾಲ್ಕು ಸಾಲುಗಳಲ್ಲಿ ತಪ್ಪಿತ್ತು. ಸೋಮವಾರ ಉತ್ತರ ಸೊನ್ನೆ ಬರುತ್ತದೆ. ಸೊನ್ನೆ ಎಂದರೆ ಮಿತಿಯೇ ಇಲ್ಲವೆಂದು ಪ್ರೋಗ್ರಾಂ ತಿಳಿಯುತ್ತಿತ್ತು. ಆ ನಾಲ್ಕು ಸಾಲು ಬರೆದವನು ನಾನು. ಇದ್ದದ್ದನ್ನು ಮತ್ತೆ ಬರೆಯಬಾರದೆಂಬ ಐದನೆಯ ನಿಯಮ ತೋರಿಸಿ, ಅವನ್ನೇ ಬಳಸುವಂತೆ ಮೇಡಂಗೆ ಹೇಳಿದವನೂ ನಾನೇ.

"ನಿಮ್ಮ ಮನ್ಯಾಗ ಸೋಮವಾರ ಇದು ಎಲ್ಲಾನೂ ನಕಲು ಮಾಡತಿದ್ದಿಲ್ಲೇನ್ರಿ ಸರ್?" ಎಂದು ಮೇಡಂ ಕೇಳಿದರು.

ಮಾಡುತ್ತಿತ್ತು. ನನ್ನ ಕಂಪ್ಯೂಟರ್ ಪ್ರತಿ ಸೋಮವಾರ ಎರಡು ತಾಸು ಗುರುಗುಟ್ಟುತ್ತಿತ್ತು. ವಾರದ ಮೊದಲ ದಿನ ಹುರುಪಿನಿಂದ ಕೆಲಸ ಮಾಡುತ್ತಿದೆ ಎಂದುಕೊಂಡಿದ್ದೆ. ಹಾಗೆಂದೇ ಹೇಳಿದೆ. ಸವದತ್ತಿಯವರು ಕಿಟಕಿಯಿಂದ ಮುಖ ತಿರುಗಿಸಿ, "ನೋಡ್ರಿ, ಸೋಮವಾರ ದುಡಿಸಿದ್ರ ಹಿಂಗ ಆಕ್ಕೈತಿ," ಎಂದರು.

ಮೂರೂಕಾಲಿಗೆ ಸಾಲು ತಿದ್ದಿದೆವು. ಏಳೂ ದಿನಗಳ ತಾರೀಖು ಹಾಕಿ ಏಳು ಸಲ ಪರೀಕ್ಷಿಸಿದೆವು, ಎಲ್ಲವೂ ಪಾಸು. ಈ ಸಲ ವರದಿಯನ್ನು ಮೊದಲ ಸಾಲಿನಿಂದ ಓದಿದೆ. ನಾಲ್ಕಕ್ಕೆ ನಾಲ್ಕು ನಿಮಿಷವಿರುವಾಗ ಫೋನಿನ ತಂತಿ ಮೋಡೆಮ್ಮಿಗೆ ಸಿಕ್ಕಿಸಿ ಕಟ್ಟು ಕಳಿಸಲು ಶುರುಮಾಡಿದೆವು. ಮೇಡಂ ಅವರ ಪ್ರೋಗ್ರಾಂ ಅದರಲ್ಲಿತ್ತು. ಅದರ ಜೊತೆಗೆ ಹೋಗುವ ಬದಲಾವಣೆಗಳ ಪಟ್ಟಿಯಲ್ಲಿ, "ತಪ್ಪು ನನ್ನ ಸಾಲುಗಳಲ್ಲಿತ್ತು, ಉಪನ್ಯಾಸಕಿಯವರ ಸಾಲುಗಳಲ್ಲಲ್ಲ" ಎಂದು ನಾನೇ ಬರೆದೆ. ಮೇಡಂ ಓದಿ, ಎಷ್ಟು ಸಾಲು ಎಂಬುದನ್ನೂ ಸೇರಿಸಿ ಎಂದರು. ನಾಲ್ಕು ಎಂದು ಸೇರಿಸಿದೆ.

ಕೊನೆಯದಾಗಿ ಜರ್ಮನಿಯವರಿಗೆ ಪತ್ರ. ನಿಮ್ಮ ಮೂರು ದೂರುಗಳೂ ಸರಿ, ನನ್ನ ಮೂರು ಉತ್ತರಗಳೂ ತಪ್ಪು, ನಮ್ಮ ಯಂತ್ರಕ್ಕೆ ಸೋಮವಾರ ರಜೆ ಇತ್ತು ಎಂದು ಬರೆದು, ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಕಳಿಸಿದೆ.