ಒಸಗೆ ಮುಗಿದಿತ್ತು, ಮುಟ್ಟು ಬಂದಿರಲಿಲ್ಲ

ಹೋದ ವರ್ಷ ನಾವಿರುವ ಕೋಗಿಲು ಬಡಾವಣೆಯಲ್ಲಿ ನಮ್ಮ ಮನೆ ಓನರ್ ಮಗಳ ಒಸಗೆಯಲ್ಲಿ ಗಡದ್ದಾಗಿ ಒಬ್ಬಟ್ಟು ಹೊಡೆದು ಬಂದೆ. ಸೋದರಮಾವ ತೆಂಗಿನ ಗರಿಯ ಹಸಿರು ಗುಡ್ಲು ಹಾಕಿದ್ದರು. ಹುಡುಗಿ ದೊಡ್ಡವಳಾದಳೆಂದು ನಾವೆಲ್ಲ ಅಕ್ಷತೆ ಹಾಕಿದೆವು.

ಹುಡುಗಿ ದೊಡ್ಡವಳಾಗಿರಲೇ ಇಲ್ಲ! ನನಗಿದು ಗೊತ್ತಾಗಿದ್ದು ಕಳೆದ ತಿಂಗಳು.

ಆ ಹುಡುಗಿ ಹರ್ಷಿತಾಗೆ ಈಗ ಹದಿನಾರು. ತಿಂಗಳಿಗೊಮ್ಮೆ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದಳು. ಒಬ್ಬರು ಗ್ಯಾಸ್ ಅಂದರು, ಇನ್ನೊಬ್ಬರು ಪಾನಿಪೂರಿ ಅಂದರು. (ಜೀರಿಗೆ ಕಷಾಯ ಕುಡಿಸಿದವಳು ನಾನೇ.) ಒಂದು ಬೆಳಿಗ್ಗೆ ಅವಳಿಗೆ ಮೂತ್ರವೇ ಕಟ್ಟಿಹೋಯಿತು. ಅವಳಮ್ಮ ರತ್ನಮ್ಮ ಬಂದು ನನ್ನ ಬಾಗಿಲು ಬಡಿದರು. ನನ್ನ ಕಾರಿನಲ್ಲೇ ಮೂವರೂ ಹೆಬ್ಬಾಳದ ಆಸ್ಪತ್ರೆಯೊಂದಕ್ಕೆ ಓಡಿದೆವು.

ಲೇಡಿ ಡಾಕ್ಟರ್ ಹುಡುಗಿಯನ್ನು ಕೇಳಿದರು: “ಲಾಸ್ಟ್ ಪೀರಿಯಡ್ಸ್ ಯಾವಾಗ ಆಯ್ತಮ್ಮ?”

“ಹತ್ತನೇ ತಾರೀಕು ಮೇಡಂ, ಕರೆಕ್ಟಾಗಿ ಆಗ್ತಾಳೆ,” ಅಂದರು ರತ್ನಮ್ಮ.

ಡಾಕ್ಟರ್ ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು. ಮತ್ತೆ ಒಳಗೆ ಕರೆದಾಗ ದನಿ ಬೇರೆಯಾಗಿತ್ತು.

“ಇವಳಿಗೆ ಇದುವರೆಗೂ ಒಂದ್ಸಲಾನೂ ಆಗಿಲ್ವಂತೆ. ಯಾಕ್ರೀ ಸುಳ್ಳು ಹೇಳಿದ್ರಿ?”

ರತ್ನಮ್ಮ ಅತ್ತೇಬಿಟ್ಟರು. “ನಮ್ ವಾರಗಿತ್ತಿ ಮಗ್ಳು ಇವಳಿಗಿಂತ ಚಿಕ್ಕೋಳು, ಅವಳ್ದು ಮೊದ್ಲೇ ಆಗೋಯ್ತು. ನಿಮ್ಮವಳು ಇನ್ನೂ ಇಲ್ವಾ ಅಂತ ಎಲ್ರೂ ಕೇಳೋರು. ಎಂಗೂ ಇವತ್ತಲ್ಲ ನಾಳೆ ಆಗ್ತಾಳೆ ಅಂತ ಒಸಗೆ ಮಾಡ್ಬುಟ್ವಿ. ಆಮೇಲೆ ಇಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ ಮೇಡಂ.”

ಸ್ಕ್ಯಾನ್ ಆಯಿತು. ಹುಟ್ಟಿನಿಂದಲೇ ಯೋನಿಮಾರ್ಗಕ್ಕೆ ಅಡ್ಡವಾಗಿ ಒಂದು ಗೋಡೆಯಿತ್ತು. ತಿಂಗಳು ತಿಂಗಳೂ ಒಳಗೊಳಗೇ ಮುಟ್ಟಾಗುತ್ತಲೇ ಇದ್ದಳು, ರಕ್ತಕ್ಕೆ ಹೊರಬರುವ ದಾರಿಯಿರಲಿಲ್ಲ. ಒಳಗೇ ತುಂಬಿಕೊಂಡು ಮೂತ್ರದ ದಾರಿಯನ್ನು ಒತ್ತುತ್ತಿತ್ತು. ಒಂದು ಗರ್ಭನಾಳವೂ ಊದಿಕೊಂಡಿತ್ತು.

“ಮುಂದೆ ಮಕ್ಕಳಾಗ್ತವಾ ಮೇಡಂ?” ರತ್ನಮ್ಮ ಕೇಳಿದರು.

“ಆಗ್ಬಹುದು. ಗ್ಯಾರಂಟಿ ಕೊಡಲ್ಲ. ಒಂದು ವರ್ಷ ಮುಂಚೆ ನಿಜ ಹೇಳಿದ್ದಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ.”

ನನಗೆ ರತ್ನಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು. ಆದರೆ ಮದುವೆ, ನಾಮಕರಣ ಅಂತ ಕಂಡಕಂಡಲ್ಲಿ ‘ಮಗಳು ಇನ್ನೂ ದೊಡ್ಡವಳಾಗಿಲ್ವಾ’ ಎಂದು ಆಯಮ್ಮನನ್ನು ಕೇಳಿ ಕೇಳಿ ಪ್ರಾಣ ತಿಂದವರು ಯಾರು? ನಾನೂ ಒಮ್ಮೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದ್ದೆ. ನೆನೆದರೆ ನಾಚಿಕೆಯಾಗುತ್ತದೆ.

ಆಪರೇಷನ್ ಆಗಿ ನಾಲ್ಕನೇ ದಿನ ಮನೆಗೆ ಕರೆತಂದೆವು. ದಾರಿಯುದ್ದಕ್ಕೂ ರತ್ನಮ್ಮನದು ಒಂದೇ ಚಿಂತೆ. “ಮನೇಲಿ ನೆಂಟ್ರು ಕಾಯ್ಕೊಂಡ್ ಕೂತವ್ರೆ. ಏನಾಗಿತ್ತು ಅಂದ್ರೆ ಏನ್ ಹೇಳೋದು?”

ಹಿಂದಿನ ಸೀಟಿನಿಂದ ಹರ್ಷಿತಾ ಅಂದಳು: “ನೀನೇನೂ ಹೇಳ್ಬೇಡಮ್ಮ. ನಾನೇ ಹೇಳ್ತೀನಿ.”

ಇಷ್ಟು ದಿನ ನಾವ್ಯಾರಾದರೂ ಅವಳನ್ನೇ ಕೇಳಿದ್ದೆವಾ?