ನಾಲ್ಕನೇ ಮನೆ ಬಿಡದ ಕಟ್ಟು

ಸ್ಪೇನಿನ ಲೆಬ್ರಿಹಾದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಸೆರ್ವಾಂದೋನ ಎಡಗೈಗೆ ಗೊತ್ತಿದ್ದದ್ದು ತಂತಿ ಒತ್ತುವ ಎರಡೇ ಹಿಡಿತ. ಅಪ್ಪ ಬೆರಳು ಹಿಡಿದು ಕೂರಿಸಿದ್ದ ಆ ಹಿಡಿತಗಳಲ್ಲೇ ಇಪ್ಪತ್ತೆರಡು ವರ್ಷ ಗಿಟಾರ್ ನುಡಿಸಿದ್ದ. ಶ್ರುತಿ ಏರಿಸಬೇಕಾದರೆ ಗಿಟಾರಿನ ಕುತ್ತಿಗೆಯ ಪಟ್ಟಿಗಳ ನಡುವಿನ ಒಂದು ಮನೆಯಲ್ಲಿ, ತಂತಿಗಳನ್ನು ಒತ್ತುವ ಮರದ ಕಟ್ಟು ಬಿಗಿದು, ಅದೇ ಹಿಡಿತವನ್ನು ಮುಂದಕ್ಕೆ ಸರಿಸಿದರೆ ಆಯಿತು.

ಭಾನುವಾರ ಮಧ್ಯಾಹ್ನ ಹಾಡುಗಾರರ ಸಂಘದಲ್ಲಿ ರುಫಿನಾ ಚಿಕ್ಕಮ್ಮ ಹಾಡುವಾಗ ಪಕ್ಕದ ಕುರ್ಚಿ ಅವನದು. ಮೊದಲು ಅವನ ಅಪ್ಪನದಾಗಿತ್ತು. ಅವಳ ಹಾಡಿಗೆ ಕಟ್ಟು ನಾಲ್ಕನೇ ಮನೆಯಲ್ಲಿರಬೇಕೆಂದು ಊರಿಗೆಲ್ಲ ಗೊತ್ತು. ಬಂದವರು ಮೊದಲು ನೋಡುವುದೂ ಕಟ್ಟನ್ನೇ. ಅದು ಕೆಳಗಿಳಿಯಿತೆಂದರೆ ಹಾಡುವವಳ ಗಂಟಲು ಮುಗಿಯಿತೆಂದೇ ಅರ್ಥ.

ಎಪ್ಪತ್ತೊಂದನೇ ವಯಸ್ಸಿನ ಚಳಿಗಾಲದಲ್ಲಿ ಅವಳ ಗಂಟಲು ಇಳಿಯಿತು. ಮೂರು ಭಾನುವಾರ ಮೇಲಿನ ಸ್ವರ ಒಡೆಯಿತು. ಮೂರು ಸಲವೂ ಅವಳು ಎಲ್ಲರೆದುರು ಅವನತ್ತ ತಿರುಗಿದಳು.

"ಇವನು ಗಿಟಾರ್ ನುಡಿಸ್ತಿದಾನೋ, ಟೈರಿಗೆ ಗಾಳಿ ಹೊಡೀತಿದಾನೋ?"

ಮುಂದಿನ ಸಾಲಿನಲ್ಲಿದ್ದ ಅವಳ ಅಣ್ಣನ ಮಗ ಎಲೋಯ್ ನಕ್ಕ. ಅವನೂ ಗಿಟಾರ್ ನುಡಿಸುವವನೇ. "ಕೈ ನೋಯ್ತಿದ್ರೆ ಎದ್ದೇಳಣ್ಣ. ಕುರ್ಚಿ ಬಿಸಿ ಇರೋವಾಗ್ಲೇ ನಾನ್ ಕೂತ್ಕೋತೀನಿ."

ಎಲ್ಲರೂ ಹೊರಟ ಮೇಲೆ ಸೆರ್ವಾಂದೋ ಮೆಲ್ಲಗೆ ಕೇಳಿದ. "ಚಿಕ್ಕಮ್ಮ, ಎರಡು ಮನೆ ಇಳಿಸೋಣ್ವಾ?"

"ನಿನ್ನ ತಲೆ ಇಳಿಸು. ಕಟ್ಟು ನಾಲ್ಕರಲ್ಲೇ ಇರ್ಲಿ. ಈಸ್ಟರ್ ಆದ್ಮೇಲೆ ನನ್ನ ಹಿಂದೆ ಬರಕ್ಕಾಗ್ಲಿಲ್ಲ ಅಂದ್ರೆ ಕುರ್ಚಿ ಎಲೋಯ್‌ಗೆ."

ಕಟ್ಟು ಕದಲಬಾರದು, ಶ್ರುತಿ ಇಳಿಯಬೇಕು. ಹಾಗೆ ಇಳಿದ ಶ್ರುತಿಗೆ ಅವನ ಎರಡು ಹಿಡಿತಗಳೂ ಕೂರುತ್ತಿರಲಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಸಂಘಕ್ಕೆ ಬೀಗ. ಅವಳ ದನಿ ಈಗ ಎಲ್ಲಿದೆಯೆಂದು ತಿಳಿಯುವುದಾದರೂ ಹೇಗೆ?

ಅವಳ ಕಿಟಕಿ ಅಂಗಡಿಯ ಎದುರಿಗೇ ಇತ್ತು. ಅವಳು ದಿನವೂ ಅಲ್ಲಿಂದ ಮೀನಿನವನನ್ನು, ಪಾರಿವಾಳಗಳನ್ನು, ಎಲ್ಲರಿಗಿಂತ ಹೆಚ್ಚಾಗಿ ಅವನನ್ನು ಬೈಯುತ್ತಿದ್ದಳು.

"ಏ ಸೆರ್ವಾಂದೋ, ನಿನ್ನ ರಬ್ಬರ್ ವಾಸನೆಗೆ ನನ್ನ ಕಡಲೆ ಸಾರು ಕೆಟ್ಟೋಯ್ತು."

ಅವನು ಗಿಟಾರ್ ತೊಡೆಯ ಮೇಲಿಟ್ಟುಕೊಂಡು, ಬೈಗುಳ ಎಲ್ಲಿ ಬಂದು ನಿಲ್ಲುತ್ತದೋ ಆ ಸ್ವರವನ್ನು ಒಂದೇ ತಂತಿಯಲ್ಲಿ ಹುಡುಕಿದ. ಬೆರಳುಗಳು ಮತ್ತೆ ಮತ್ತೆ ಹಳೆಯ ಹಿಡಿತಕ್ಕೇ ಓಡಿದವು. ಕೊನೆಗೆ ಟ್ಯೂಬಿನ ತುಂಡಿನಿಂದ ಎರಡು ಬೆರಳನ್ನು ಒಟ್ಟಿಗೆ ಕಟ್ಟಿಹಾಕಿ, ಉಳಿದ ಎರಡರಲ್ಲೇ ಹುಡುಕಿದ. ಸ್ವರ ಸಿಕ್ಕಿತು. ವಾರ ಕಳೆದು ಅದರ ಜೊತೆಗಾರ ಸ್ವರಗಳು ಒಂದೊಂದಾಗಿ ಸಿಕ್ಕವು. ಈಸ್ಟರ್‌ಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಹೊತ್ತಿಗೆ, ಅವಳು ಬಾಯಿ ಮುಚ್ಚುವ ಮೊದಲೇ ಅವನ ಬೆರಳು ಅಲ್ಲಿಗೆ ಹೋಗಿ ಕಾಯುತ್ತಿತ್ತು.

"ನಾನು ಬೈತಿದ್ರೆ ಬಾರಿಸ್ತೀಯೇನೋ?"

"ಬೈತಾ ಇರಿ ಚಿಕ್ಕಮ್ಮ, ನಿಲ್ಲಿಸ್ಬೇಡಿ."

ಕಿಟಕಿಯಿಂದ ಒಂದು ಕೊಡ ನೀರು ಬಂದು ಬಿತ್ತು. ಗಿಟಾರನ್ನು ಹೇಗೋ ಉಳಿಸಿಕೊಂಡ.

ಈಸ್ಟರ್ ಆದ ಮರು ಭಾನುವಾರ ಕಟ್ಟು ನಾಲ್ಕರಲ್ಲಿತ್ತು. ಎಲೋಯ್ ಬಗ್ಗಿ ಮನೆಗಳನ್ನು ಎಣಿಸಿ ನೋಡಿದ. ರುಫಿನಾ ಗಿಟಾರಿಗೆ ಕಾಯದೆ ಹಾಡು ಎತ್ತಿದಳು. ದನಿ ಎರಡು ಮನೆ ಕೆಳಗೆ ಬಂದು ಕೂತಿತು. ಸೆರ್ವಾಂದೋ ಕೈ ನೋಡಲಿಲ್ಲ, ಅವಳ ಗಂಟಲಿಗೇ ಕಿವಿಗೊಟ್ಟ. ಮೊದಲ ಮೀಟು ಒರಟಾಯಿತು. ಎರಡನೆಯದು ಅವಳ ಕೆಳಗೆ ಸರಿಯಾಗಿ ನಿಂತಿತು. ಮೂರನೇ ಪದ್ಯದಲ್ಲಿ ಅವಳು, ಬೇಕೆಂದೋ ಆಗದೆಯೋ, ಇನ್ನೂ ಅರ್ಧ ಸ್ವರ ಜಾರಿದಳು. ಅವನೂ ಜೊತೆಗೇ ಜಾರಿದ. ದನಿ ಎಲ್ಲಿಯೂ ಒಡೆಯಲಿಲ್ಲ.

"ಇನ್ನೂ ನಾಲ್ಕರಲ್ಲೇ ಹಾಡ್ತಾಳಲ್ಲ ಮುದುಕಿ," ಎಂದರು ಹಿಂದಿನ ಸಾಲಿನವರು.

ಎಲೋಯ್ ಮಾತ್ರ ಬೆರಳುಗಳನ್ನೇ ನೋಡುತ್ತಿದ್ದ. "ಅದ್ಯಾವ ಹಿಡಿತ?"

"ಗೊತ್ತಿಲ್ಲ," ಎಂದ ಸೆರ್ವಾಂದೋ. ನಿಜಕ್ಕೂ ಗೊತ್ತಿರಲಿಲ್ಲ.

ರುಫಿನಾ ಎದ್ದು ಶಾಲು ಕೊಡವಿದಳು. "ದರಿದ್ರವಾಗಿ ನುಡಿಸ್ದೆ. ಶುರುನಲ್ಲೇ ತಡ."

"ಹೌದು ಚಿಕ್ಕಮ್ಮ."

"ಮುಂದಿನ ಭಾನುವಾರ ತಡ ಮಾಡಿದ್ರೆ ಬೆರಳು ಮುರೀತೀನಿ."

ಎಲೋಯ್ ಬಾಯಲ್ಲಿದ್ದ ಆಲಿವ್ ಬೀಜವನ್ನು ನೆಲಕ್ಕೆ ಉಗಿದು ಹೊರಗೆ ನಡೆದ.