ಬಿಸಿಯಾದರೆ ಮಾತ್ರ ಹಿಡಿಯುವ ಬ್ರೇಕು

ನನ್ನ ಭಾವ ಬ್ರೇಕ್ ಸಾಮಾನಿನ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತೇ ತಲೆ ನರೆಸಿಕೊಂಡವರು. ಗಿರಾಕಿ ಚಕ್ರದ ಬ್ರೇಕ್ ಡಿಸ್ಕ್ ಕೇಳಿದರೆ ತಕ್ಷಣ ತೆಗೆದುಕೊಡುವ ಜಾಯಮಾನ ಅವರದಲ್ಲ. ಗಾಡಿ ಯಾವುದು, ದಾರಿ ಎಂಥದು, ಮನೆಯಲ್ಲಿ ಎಷ್ಟು ಜನ ಎಂದು ಹೆಣ್ಣು ಕೊಡುವವರ ಹಾಗೆ ವಿಚಾರಿಸುತ್ತಾರೆ. ಯಾರಾದರೂ ಶೋಕಿವಾಲ ತೂತು ಕೊರೆದ, ಗೀರು ಹಾಕಿದ ರೇಸಿನ ಡಿಸ್ಕ್ ಕೇಳಿದನೋ, ಅವನ ಕತೆ ಮುಗಿಯಿತು.

"ತರಕಾರಿ ತರೋ ಗಾಡಿಗೆ ಅದ್ಯಾಕಪ್ಪ? ರೇಸಲ್ಲಿ ಬ್ರೇಕು ಕೆಂಡ ಆಗುತ್ತೆ, ಆವಾಗ ಹಿಡಿಯುತ್ತೆ. ನೀನು ಮೂಲೆ ಅಂಗಡಿಗೆ ಹೋಗೋದ್ರೊಳಗೆ ಅದು ಕಣ್ಣೇ ಬಿಟ್ಟಿರಲ್ಲ. ಸಾದಾ ಡಿಸ್ಕ್ ಹಾಕ್ಕೊಂಡು ಸುಮ್ನೆ ಹೋಗು."

ಈ ಬುದ್ಧಿಯನ್ನೆಲ್ಲ ಊರಿಗೆ ಹಂಚಿ, ಮನೆಗೆ ಮಾತ್ರ ಬರಿಗೈಯಲ್ಲಿ ಬರುತ್ತಿದ್ದರು. ವಯಸ್ಸಿನಲ್ಲಿ ಒಂದೇ ಒಂದು ಸಲ ರೇಸಿನ ತಂಡದ ಜೊತೆ ಹೋಗಿ ಚಕ್ರ ಬಿಚ್ಚಿ ಕೊಟ್ಟಿದ್ದರಂತೆ. ಆ ಪೊಗರು ಇನ್ನೂ ಇಳಿದಿಲ್ಲ. "ಕಾರ್ ಓಡ್ಸಿದ್ರಾ ಇವ್ರು? ನಟ್ಟು ಬಿಚ್ಚಿದ್ರು" ಎಂದು ನಮ್ಮಕ್ಕ ಅಂದಳೋ, ಆ ದಿನ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ.

ಹೋದ ವರ್ಷ ಯಾರೋ ಹೇಳಿ ತರಿಸಿ ಒಯ್ಯದೇ ಬಿಟ್ಟ ರೇಸಿನ ಡಿಸ್ಕು, ಅದನ್ನು ಕಚ್ಚಿ ಹಿಡಿಯುವ ಜೋಡಿ ಪ್ಯಾಡು ಅಂಗಡಿಯಲ್ಲಿ ಉಳಿದವು. ಭಾವ ಅವನ್ನು ತಂದು ಮನೆಯ ಹಳೇ ಕಾರಿಗೆ ಹಾಕಿಬಿಟ್ಟರು. ಬಾಗಿಲು ಮುಚ್ಚಬೇಕಾದರೆ ಹೊರಗಿನಿಂದ ಒಬ್ಬರು ಒದೆಯಬೇಕಾದ ಕಾರು ಅದು. ಅದರ ಚಕ್ರದ ಸಂದಿಯಲ್ಲಿ ಡಿಸ್ಕ್ ಫಳಫಳ ಹೊಳೆಯತೊಡಗಿತು.

ಬೆಳಿಗ್ಗೆಯಾದರೆ ಆ ಬ್ರೇಕಿಗೆ ಶುಶ್ರೂಷೆ. ಭಾವ ಒಬ್ಬರೇ ಬೀದಿಯಲ್ಲಿ ಕಾರು ನುಗ್ಗಿಸಿ, ಗಕ್ಕನೆ ನಿಲ್ಲಿಸಿ, ಮತ್ತೆ ನುಗ್ಗಿಸಿ, ಅದು ಬಿಸಿಯಾದ ಮೇಲೆಯೇ ಮನೆಗೆ ವಾಪಸ್ ಬಂದು ಹೆಂಡತಿ ಮಗಳನ್ನು ಹತ್ತಿಸಿಕೊಳ್ಳುತ್ತಿದ್ದರು. "ನಿಮ್ ಭಾವ ದಿನಾ ಏನ್ ಮರ್ತು ಹೋಗ್ತಾರೆ?" ಎಂದು ಎದುರುಮನೆಯ ಟೈಲರ್ ನನ್ನನ್ನು ಕೇಳಿದ್ದ.

ಸಂಜೆ ಇನ್ನೊಂದು ನಾಟಕ. ರೇಸಿನ ನಡುವೆ ಚಕ್ರ ಬದಲಿಸಲು ಬರುವ ಕಾರಿಗೆ ಎದುರಾಗಿ ಒಬ್ಬ ಹಲಗೆ ಹಿಡಿದು ನಿಲ್ಲುತ್ತಾನೆ, ಕಾರು ಸರಿಯಾಗಿ ಅವನ ಮುಂದೆ ಬಂದು ನಿಲ್ಲಬೇಕು. ಈ ಕೆಲಸವನ್ನು ಭಾವ ಎರಡನೇ ಕ್ಲಾಸಿನ ಮಗಳಿಗೆ ವಹಿಸಿದ್ದರು. ಅವಳು ಗೇಟಿನೊಳಗೆ ತರಕಾರಿ ಹೆಚ್ಚುವ ಹಲಗೆ ಎತ್ತಿ ಹಿಡಿಯುವಳು, ಕಾರು ಅವಳ ಮಂಡಿಗೆ ಗೇಣು ದೂರದಲ್ಲಿ ನಿಲ್ಲುವುದು. ಅಂಗಡಿಯಿಂದ ಬರುವಷ್ಟರಲ್ಲಿ ಬ್ರೇಕು ಬಿಸಿಯಾಗಿರುತ್ತದಲ್ಲ, ಎಂದೂ ತಪ್ಪಿರಲಿಲ್ಲ. ಮಗಳು ಕೇಕೆ ಹಾಕುತ್ತಿದ್ದಳು.

"ಮಗು ಇಟ್ಕೊಂಡು ಇದೆಂಥ ಆಟಾರೀ?" ಅಕ್ಕನಿಗೆ ದಿನಾ ಸಂಕಟ.

"ನನ್ ಬ್ರೇಕ್ ಮೇಲೆ ನಂಗೆ ನಂಬಿಕೆ ಇದೆ ಕಣೇ."

ಒಂದು ಬೆಳಿಗ್ಗೆ ಟೈಲರಿಗೆ ಡಿಸ್ಕಿನ ಹೊಳಪು ತೋರಿಸುತ್ತಾ ನಿಂತು ಭಾವನಿಗೆ ಹೊತ್ತಾಯಿತು. ಬೀದಿ ಸುತ್ತಲು ಪುರುಸೊತ್ತಿಲ್ಲ. ಕಾರು ಶೆಡ್ಡಿನಿಂದ ಇಳಿಜಾರಿನಲ್ಲಿ ಗೇಟಿನ ಕಡೆ ಬಂತು. ಸ್ಕೂಲ್ ಬ್ಯಾಗ್ ಹಾಕಿಕೊಂಡ ಮಗಳು ಮುಚ್ಚಿದ ಗೇಟಿಗೆ ಬೆನ್ನು ಕೊಟ್ಟು, ಹಲಗೆಯ ಬದಲು ಊಟದ ಡಬ್ಬಿಯನ್ನೇ ಎತ್ತಿ ಹಿಡಿದಳು. ಭಾವನಿಗೂ ಹುರುಪು ಬಂತು. ಸಂಜೆಯ ಅಂದಾಜಿನಲ್ಲೇ, ಕೊನೇ ಗಳಿಗೆಯಲ್ಲಿ ಬ್ರೇಕ್ ತುಳಿದರು.

ಕಾರು ನಿಲ್ಲಲಿಲ್ಲ. ಮೆಟ್ಟಿಲ ಮೇಲಿದ್ದ ನಾನು ಇಳಿದು ಓಡಿದೆ. ಗೇಟಿನ ಪಕ್ಕ ನಿಂತಿದ್ದ ಅಕ್ಕ ಹಾರಿ ಮಗಳ ಬ್ಯಾಗು ಹಿಡಿದು ಪಕ್ಕಕ್ಕೆಳೆದಳು. ಡಬ್ಬಿ ಚಕ್ರದಡಿ ಅಪ್ಪಚ್ಚಿಯಾಯಿತು, ಗೇಟು ಸೊಟ್ಟಗಾಯಿತು.

ಭಾವ ಇಳಿದು ಬಂದು ಆಡಿದ ಮೊದಲ ಮಾತು, "ತಣ್ಣಗಿತ್ತು ಕಣೇ. ಬಿಸಿಯಾಗಿದ್ರೆ ನಿಲ್ತಿತ್ತು."

ಅವರ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು ನನಗೆ. ಅಕ್ಕ ಮಗಳನ್ನು ಸೊಂಟಕ್ಕೆತ್ತಿಕೊಂಡು ನಡೆದೇ ಸ್ಕೂಲಿಗೆ ಹೋದಳು.

ಅಂದೇ ಭಾವ ಸಾದಾ ಡಿಸ್ಕು, ಸಾದಾ ಪ್ಯಾಡು ಹಾಕಿದರು. ಸಂಜೆ ಕಾರನ್ನು ಆಮೆಯಂತೆ ತೆವಳಿಸಿಕೊಂಡು ಬಂದು, ಗೇಟಿನೊಳಗೆ ನಿಲ್ಲಿಸಿ ಹಾರನ್ ಹೊಡೆದರು. ಮಗಳು ಬಾಗಿಲ ಚೌಕಟ್ಟು ಬಿಟ್ಟು ಕದಲಲಿಲ್ಲ.

"ಬಾ ಪುಟ್ಟಿ, ಹಲಗೆ ತಗೊಂಡ್ ಬಾ. ಸಾದಾ ಬ್ರೇಕು, ಈಗ ಹೇಳಿದ ಜಾಗದಲ್ಲಿ ನಿಲ್ಲುತ್ತೆ."

"ಮೊದ್ಲು ನೀನು ನಿಲ್ಸಪ್ಪಾ, ಆಮೇಲೆ ಬರ್ತೀನಿ."

ಕಾರು ಆಗಲೇ ನಿಂತಿತ್ತು. ಭಾವ ಇಂಜಿನ್ ಆರಿಸಿದರು, ಹ್ಯಾಂಡ್ ಬ್ರೇಕ್ ಎಳೆದರು, ಇಳಿದು ಹೋಗಿ ಚಕ್ರಕ್ಕೆ ಕಲ್ಲು ಕೊಟ್ಟರು. ಅವಳು ಬರಲಿಲ್ಲ.